ಕಾರವಾರ, ಜೋಗ, ಶಿರಸಿ, ಜೋಯಿಡಾ ಸೈಕಲ್ ಸುತ್ತು: ಯಾವ ದಿಕ್ಕಿನಿಂದ ಹೊರಡಲಿ?

ಕೋಡಿಬಾಗದ ಸವಾರ:
ಎಲ್ಲರಿಗೂ ನಮಸ್ಕಾರ. ರೋಡ್ ಬೈಕಿನಲ್ಲಿ ನಮ್ಮ ಜಿಲ್ಲೆಯನ್ನು ಒಂದು ಸುತ್ತು ಹಾಕಬೇಕೆಂಬ ಆಸೆ ಮೂರು ವರ್ಷದಿಂದ ಇದೆ. ಈ ಬಾರಿ ಡಿಸೆಂಬರಿನ ಕೊನೆಗೆ ರಜೆ ಸಿಗುವ ಹಾಗೆ ಕಾಣುತ್ತದೆ. ಕಾಗದದ ಮೇಲೆ ಹಾದಿ ಹೀಗಿದೆ: ಮೊದಲ ದಿನ ಕಾರವಾರದಿಂದ ಕದ್ರಾ, ಅಲ್ಲಿಂದ ಅಣಶಿ ಘಟ್ಟ ಏರಿ ಜೋಯಿಡಾ, ದಾಂಡೇಲಿ. ಮರುದಿನ ಯಲ್ಲಾಪುರದ ಮೇಲೆ ಶಿರಸಿ. ಮೂರನೆಯ ದಿನ ಸಿದ್ದಾಪುರ, ಜೋಗ ನೋಡಿಕೊಂಡು ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರ. ಕೊನೆಯ ದಿನ ಕರಾವಳಿಯ ಹೆದ್ದಾರಿಯಲ್ಲಿ ಮನೆ. ಎಲ್ಲ ಸೇರಿ 420 ಕಿ.ಮೀ. ಆಸುಪಾಸು.

ನನಗೆ ವಯಸ್ಸು ನಲವತ್ತಾರು. ವಾರಕ್ಕೆ ಎರಡು ಮೂರು ಸಲ ಅಂಕೋಲೆಗೆ ಹೋಗಿ ಬರುತ್ತೇನೆ. ಘಟ್ಟ ಏರಿದ್ದು ಒಂದೇ ಸಲ, ಅದೂ ಅರ್ಧಕ್ಕೆ ಇಳಿದು ತಳ್ಳಿದ್ದೇನೆ. ಒಂದು ಆ್ಯಪ್ ಈ ಹಾದಿಯ ಒಟ್ಟು ಏರು 5,200 ಮೀಟರ್ ಎನ್ನುತ್ತದೆ, ಇನ್ನೊಂದು 6,900 ಎನ್ನುತ್ತದೆ. ಯಾವುದನ್ನು ನಂಬಲಿ? ಕಾಲು ಗಟ್ಟಿ ಇರುವಾಗಲೇ ಅಣಶಿ ಮುಗಿಸಿಬಿಟ್ಟರೆ ಉಳಿದದ್ದು ಸಲೀಸು ಎಂಬುದು ನನ್ನ ಲೆಕ್ಕ. ತಿಳಿದವರು ಹೇಳಿ.

ಭಟ್ಕಳದ ಬಂದರು:
ಅಣಶಿ ದಾರಿಯಲ್ಲಿ ಪೆಟ್ರೋಲ್ ಬಂಕ್ ಸಿಗುವುದು ಕಷ್ಟ. ಕಾರವಾರದಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ. 420 ಕಿ.ಮೀ.ಗೆ ನಾಲ್ಕು ದಿನ ಯಾಕೆ? ಬೆಳಿಗ್ಗೆ ಹೊರಟರೆ ರಾತ್ರಿ ಊಟಕ್ಕೆ ಮನೆಗೆ ಬರಬಹುದಲ್ಲ.

ಕೋಡಿಬಾಗದ ಸವಾರ:
ಮಾರಾಯರೇ, ಇದು ತುಳಿಯುವ ಬೈಕು. ಸೈಕಲ್.

ಭಟ್ಕಳದ ಬಂದರು:
ಓಹೋ. ಹಾಗಾದರೆ ನಾಲ್ಕು ದಿನ ಸಾಕಾಗುತ್ತದೆಯೇ?

ಯಲ್ಲಾಪುರದ ಅಕ್ಕ:
ಭಟ್ಕಳದವರು ತಿಳಿಯದೆ ಕೇಳಿದರೂ ಕೇಳಿದ್ದು ಸರಿಯಾದ ಪ್ರಶ್ನೆ. ತಮ್ಮಾ, ನಿನ್ನ ಲೆಕ್ಕದಲ್ಲಿ ಒಂದು ತಪ್ಪಿದೆ. ಕರಾವಳಿಯವರೆಲ್ಲ ಮಾಡುವ ತಪ್ಪು ಅದು. ಸಮುದ್ರದ ದಡದಲ್ಲಿ ನಿಂತು ನೋಡಿದರೆ ಘಟ್ಟ ಗೋಡೆಯ ಹಾಗೆ ಕಾಣುತ್ತದೆ. ಗೋಡೆ ಹತ್ತಿದರೆ ಮೇಲೆ ತಾರಸಿ ಇರುತ್ತದೆ ಎಂದು ನೀವು ಭಾವಿಸುತ್ತೀರಿ. ಮೇಲೆ ತಾರಸಿ ಇಲ್ಲ, ಹಂಚಿನ ಮಾಡು ಇದೆ. ಒಂದರ ಹಿಂದೆ ಇನ್ನೊಂದು, ಇಳಿ, ಏರು, ಇಳಿ, ಏರು.

ಶಿರಸಿಗೂ ಯಲ್ಲಾಪುರಕ್ಕೂ ಎತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನಡುವಿನ ದೂರ ಸುಮಾರು 50 ಕಿ.ಮೀ. ಆದರೆ ರಸ್ತೆ ನೇರವಾಗಿ ಒಂದು ಬೆನ್ನಿನ ಮೇಲೆ ಹೋಗುವುದಿಲ್ಲ. ಶಾಲ್ಮಲೆಯನ್ನು ದಾಟಬೇಕು, ಮಂಚಿಕೇರಿಯ ಹತ್ತಿರ ಬೇಡ್ತಿಯನ್ನು ದಾಟಬೇಕು, ಮಧ್ಯೆ ಹೆಸರಿಲ್ಲದ ಹಳ್ಳಗಳು ಎಷ್ಟೋ. ಪ್ರತಿ ಹೊಳೆಗೂ ಇಳಿಯುವುದು, ಸೇತುವೆ ದಾಟಿದ ಕೂಡಲೇ ಏರುವುದು. ಸಿದ್ದಾಪುರದ ಕಡೆಯೂ ಹೀಗೆಯೇ. ಘಟ್ಟದಲ್ಲಿ ಒಂದು ಲಯ ಹಿಡಿದು ಗಂಟೆಗಟ್ಟಲೆ ತುಳಿಯಬಹುದು. ಇಲ್ಲಿ ಲಯವೇ ಸಿಗುವುದಿಲ್ಲ. ನಾನು ಹದಿನೈದು ವರ್ಷದಿಂದ ಈ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದೇನೆ. ಕುಮಟೆ ಕಡೆಯಿಂದ ದೇವಿಮನೆ ಘಟ್ಟ ಏರಿ ಬಂದ ದಿನಕ್ಕಿಂತ ಬೇಡ್ತಿ ದಾಟಿ ಬಂದ ದಿನವೇ ನನಗೆ ಹೆಚ್ಚು ಸುಸ್ತು.

ಹಾಗಾಗಿ ಅಣಶಿ ಏರಿ ದಾಂಡೇಲಿ ತನಕ ಒಂದೇ ದಿನ, ಮರುದಿನವೇ ನೂರು ಕಿ.ಮೀ. ಶಿರಸಿಗೆ ಎಂಬುದನ್ನು ಮೊದಲು ಹೊಡೆದು ಹಾಕು.

ನಕಾಶೆ ಹುಚ್ಚ:
ಎರಡು ಆ್ಯಪ್‌ಗಳ ಜಗಳ ನಾನು ಬಿಡಿಸುತ್ತೇನೆ. ಎರಡೂ ಸುಳ್ಳು ಹೇಳುತ್ತಿವೆ, ಆದರೆ ಬೇಕೆಂದು ಹೇಳುತ್ತಿಲ್ಲ.

ಇಂಥ ಬಹಳಷ್ಟು ಆ್ಯಪ್‌ಗಳ ಎತ್ತರದ ಲೆಕ್ಕಕ್ಕೆ ಮೂಲ 2000ನೇ ಇಸವಿಯ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ ರೇಡಾರಿನಿಂದ ಅಳೆದ ಮಾಹಿತಿ. ಅದರಲ್ಲಿ ನೆಲವನ್ನು ಸುಮಾರು 30 ಮೀಟರ್ ಅಗಲದ ಚೌಕಗಳಾಗಿ ಮಾಡಿ ಚೌಕಕ್ಕೆ ಒಂದು ಎತ್ತರ ಕೊಟ್ಟಿದ್ದಾರೆ. ಬಯಲುಸೀಮೆಗೆ ಅದು ಧಾರಾಳ. ನಮ್ಮ ಘಟ್ಟದ ರಸ್ತೆಯನ್ನು ನೆನಪಿಸಿಕೊಳ್ಳಿ. ಎಡಕ್ಕೆ ಕಡಿದ ಗುಡ್ಡ, ಬಲಕ್ಕೆ ಕಣಿವೆ, ನಡುವೆ ಏಳು ಮೀಟರ್ ಡಾಂಬರು. ಆ್ಯಪಿನಲ್ಲಿ ನೀವು ಎಳೆದ ಗೆರೆ ಒಂದು ಚೌಕ ಆಚೀಚೆ ಆದರೂ ನೀವು ಗುಡ್ಡದ ಮೇಲೆ ಹಾರಿ ಕಣಿವೆಗೆ ಧುಮುಕಿದ ಹಾಗೆ ಲೆಕ್ಕ ಬರುತ್ತದೆ. ಹೀಗೆ ನೂರು ಸಲ ಹಾರಿ ಧುಮುಕಿದರೆ ಇಲ್ಲದ ಸಾವಿರ ಮೀಟರ್ ಏರು ಹುಟ್ಟಿಕೊಳ್ಳುತ್ತದೆ. ಇನ್ನೊಂದು ತಮಾಷೆ ಎಂದರೆ ಆ ರೇಡಾರಿಗೆ ದಟ್ಟ ಕಾಡಿನ ಕೆಳಗಿನ ನೆಲ ಸರಿಯಾಗಿ ಕಾಣುವುದಿಲ್ಲ. ಅದು ಅಳೆದದ್ದು ಬಹುಪಾಲು ಮರದ ತಲೆಯ ಎತ್ತರ. ಕಾಡು ಮುಗಿದು ಗದ್ದೆ ಬಂದಲ್ಲಿ ರಸ್ತೆ ಸಮತಟ್ಟಾಗಿದ್ದರೂ ನಕ್ಷೆಯಲ್ಲಿ ಇಳಿಜಾರು. ಒಂದು ಆ್ಯಪ್ ಈ ಏರುಪೇರನ್ನು ಉಜ್ಜಿ ನಯ ಮಾಡುತ್ತದೆ, ಇನ್ನೊಂದು ಹಾಗೇ ಕೂಡಿಸುತ್ತದೆ. ಉಜ್ಜಿದ್ದು ಹೆಚ್ಚಾದರೆ ಅಕ್ಕ ಹೇಳಿದ ನಿಜವಾದ ಸಣ್ಣ ಏರುಗಳೂ ಮಾಯ.

ನಾನು ಮಾಡುವುದು ಹಳೆಯ ಕೆಲಸ. ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ಹಾಳೆಗಳನ್ನು 2017ರಿಂದ ಅವರ ತಾಣದಲ್ಲೇ ಉಚಿತವಾಗಿ ಇಳಿಸಿಕೊಳ್ಳಬಹುದು. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳು 20 ಮೀಟರಿಗೆ ಒಂದು. ರಸ್ತೆ ಮೇಲ್ಮುಖವಾಗಿ ಎಷ್ಟು ಗೆರೆ ದಾಟುತ್ತದೆ ಎಂದು ಪೆನ್ಸಿಲ್ ಹಿಡಿದು ಎಣಿಸಿ. ಎರಡು ಕಿ.ಮೀ.ಯಲ್ಲಿ ಐದು ಗೆರೆ ದಾಟಿದರೆ ನೂರು ಮೀಟರ್ ಏರು, ಅಂದರೆ ನೂರಕ್ಕೆ ಐದು. ಏಳು ದಾಟಿದರೆ ನೂರಕ್ಕೆ ಏಳು, ಅಲ್ಲಿ ನೀವು ಮಾತು ನಿಲ್ಲಿಸುತ್ತೀರಿ. ಒಟ್ಟು ಮೊತ್ತಕ್ಕಿಂತ ಈ ಎರಡೆರಡು ಕಿ.ಮೀ. ತುಂಡುಗಳ ಪಟ್ಟಿಯೇ ಉಪಯೋಗಕ್ಕೆ ಬರುವುದು. ಒಂದು ಸಂಜೆ ಬೇಕು, ಒಂದು ಲೋಟ ಕಷಾಯ ಬೇಕು.

ಹುಬ್ಬಳ್ಳಿ ಪೆಡಲ್:
ಇಷ್ಟೊಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ಓಡಿಸುವವರು 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯಲ್ಲಿ, 400ನ್ನು ಇಪ್ಪತ್ತೇಳು ಗಂಟೆಯಲ್ಲಿ ಮುಗಿಸಬೇಕೆಂಬುದು ನಿಯಮ. ನಾನು ಎರಡನ್ನೂ ಮುಗಿಸಿದ್ದೇನೆ. ನಿಮ್ಮ ಸುತ್ತನ್ನು ಎರಡು ದಿನದಲ್ಲಿ ಆರಾಮವಾಗಿ ಹೊಡೆಯಬಹುದು. ರಾತ್ರಿ ತಂಪಿನಲ್ಲಿ ಜೋಯಿಡಾ ಕಾಡು ದಾಟಿದರೆ ಲಾರಿಯ ಕಾಟವೂ ಇರುವುದಿಲ್ಲ.

ಯಲ್ಲಾಪುರದ ಅಕ್ಕ:
ಲಾರಿಯ ಕಾಟ ಇರುವುದಿಲ್ಲ, ನಿಜ. ಆದರೆ ನೀವು ಜೋಯಿಡಾ ಕಾಡು ಎಂದು ಹಗುರವಾಗಿ ಹೇಳುತ್ತಿರುವುದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಹಿಂದೆ ಅಣಶಿ-ದಾಂಡೇಲಿ ಎಂದಿತ್ತು, 2015ರಲ್ಲಿ ಹೆಸರು ಬದಲಾಯಿತು. ಹುಲಿ ನಿಮ್ಮನ್ನು ಕಾದು ಕುಳಿತಿರುವುದಿಲ್ಲ, ಬಿಡಿ. ಭಯ ಇರುವುದು ಕಾಡುಕೋಣದ್ದು. ಮುಸ್ಸಂಜೆಯಲ್ಲಿ, ನಸುಕಿನಲ್ಲಿ ರಸ್ತೆಯ ಮಧ್ಯೆ ಬಂಡೆಯ ಹಾಗೆ ನಿಂತಿರುತ್ತದೆ. ಕಾರಿನ ಸದ್ದಾದರೆ ಸರಿಯುತ್ತದೆ. ಸೈಕಲ್ಲಿಗೆ ಸದ್ದೇ ಇಲ್ಲವಲ್ಲ, ಹತ್ತು ಮಾರಿನಲ್ಲಿ ಎದುರಾದಾಗ ಅದಕ್ಕೂ ಗಾಬರಿ, ನಿಮಗೂ ಗಾಬರಿ. ಮಳೆಗಾಲ ಮುಗಿದು ಭತ್ತ ಕೊಯ್ಲಾಗುವ ಸಮಯಕ್ಕೆ ದಾಂಡೇಲಿ ಕಡೆಯಿಂದ ಹಳಿಯಾಳ, ಯಲ್ಲಾಪುರದ ಗದ್ದೆಗಳಿಗೆ ಆನೆಗಳೂ ಇಳಿಯುತ್ತವೆ. ಸೂರ್ಯ ಕಂಡ ಮೇಲೆ ಹೊರಡಿ, ಮುಳುಗುವ ಒಂದು ಗಂಟೆ ಮೊದಲು ನಿಲ್ಲಿಸಿ. ಡಿಸೆಂಬರಿನಲ್ಲಿ ಹಗಲು ಹನ್ನೊಂದು ಗಂಟೆ ಚಿಲ್ಲರೆ. ಅಷ್ಟರೊಳಗೆ ಎಷ್ಟಾಗುತ್ತದೋ ಅಷ್ಟೇ ದಿನದ ಹಾದಿ. ಹೊರಡುವ ಮೊದಲು ಅರಣ್ಯ ಇಲಾಖೆಯ ತಪಾಸಣಾ ಠಾಣೆಯಲ್ಲಿ ಒಂದು ಮಾತು ಕೇಳಿಕೊಳ್ಳುವುದು ಒಳ್ಳೆಯದು.

ತದಡಿಯ ತಾರಿ:
ನಾನು ಸೈಕಲ್ ತುಳಿಯುವವನಲ್ಲ. ದೋಣಿಯ ಮನೆಯವನು. ಆದರೂ ಓದಿದ ಮೇಲೆ ಸುಮ್ಮನೆ ಇರಲಾಗಲಿಲ್ಲ. ಏರಿನ ಲೆಕ್ಕ ಇಷ್ಟು ಮಾಡಿದಿರಿ, ಗಾಳಿಯ ಮಾತು ಯಾರೂ ಎತ್ತಲಿಲ್ಲವಲ್ಲ.

ಚಳಿಗಾಲದಲ್ಲಿ ನಮ್ಮ ಕಡೆ ಬೆಳಗಿನ ಜಾವ ಮೂಡಗಾಳಿ, ಗುಡ್ಡದಿಂದ ಸಮುದ್ರದ ಕಡೆಗೆ. ಸದ್ದಿಲ್ಲದ ಮೆಲುಗಾಳಿ. ನೆಲ ಕಾಯುತ್ತಿದ್ದ ಹಾಗೆ ಹತ್ತು ಹನ್ನೊಂದರ ಹೊತ್ತಿಗೆ ಅದು ಸತ್ತು, ಮಧ್ಯಾಹ್ನ ಸಮುದ್ರದ ಗಾಳಿ ಏಳುತ್ತದೆ. ಅದು ಬರುವುದು ನೇರ ಪಶ್ಚಿಮದಿಂದಲ್ಲ, ವಾಯವ್ಯದಿಂದ. ಈಗ ನಿಮ್ಮ ಕೊನೆಯ ದಿನ ನೋಡಿ. ಹೊನ್ನಾವರದಿಂದ ಕಾರವಾರಕ್ಕೆ, ಅಂದರೆ ಉತ್ತರ-ವಾಯವ್ಯಕ್ಕೆ 90 ಕಿ.ಮೀ. ಮೂರು ದಿನ ದಣಿದ ಕಾಲು, ಮುಖಕ್ಕೆ ಸರಿಯಾಗಿ ಗಾಳಿ, ನೆತ್ತಿಯ ಮೇಲೆ ಬಿಸಿಲು, ಪಕ್ಕದಲ್ಲಿ ಹೆದ್ದಾರಿಯ ಲಾರಿ. ಘಟ್ಟಕ್ಕಾದರೂ ಒಂದು ತುದಿ ಇದೆ, ಗಾಳಿಗೆ ತುದಿ ಇಲ್ಲ.

ನೀವು ಹಾಕಿಕೊಂಡಿರುವುದು ಪ್ರದಕ್ಷಿಣೆ. ದೇವಸ್ಥಾನಕ್ಕೆ ಅದು ಸರಿ. ಇಲ್ಲಿ ಅಪ್ರದಕ್ಷಿಣೆ ಹಾಕಿ. ಮೊದಲ ದಿನವೇ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಹೊನ್ನಾವರಕ್ಕೆ ಇಳಿಯಿರಿ. ಗೋಕರ್ಣದ ಒಳಗೆ ಬಂದರೆ ತದಡಿಯಿಂದ ಅಘನಾಶಿನಿ ಊರಿಗೆ ತಾರಿಯ ದೋಣಿ ಇದೆ, ಸೈಕಲ್ ಹತ್ತಿಸಿಕೊಳ್ಳುತ್ತಾರೆ. ಅಷ್ಟು ಹೆದ್ದಾರಿಯೂ ತಪ್ಪುತ್ತದೆ, ಹೊಳೆಯ ಬಾಯಿಯೂ ಕಾಣುತ್ತದೆ.

ಕೋಡಿಬಾಗದ ಸವಾರ:
ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅಂಕೋಲೆಯಿಂದ ಮರಳುವಾಗ ಯಾವಾಗಲೂ ಸುಸ್ತಾಗುವುದು ವಯಸ್ಸಿನಿಂದ ಎಂದುಕೊಂಡಿದ್ದೆ.

ಹಾಗಾದರೆ ಕೊನೆಯ ದಿನ ಜೋಯಿಡಾದಿಂದ ಅಣಶಿ ಇಳಿದು ಕಾರವಾರಕ್ಕೆ ಬರುವಾಗ? ಆಗಲೂ ಪಡುವಣಕ್ಕೇ ಮುಖ ಅಲ್ಲವೇ?

ತದಡಿಯ ತಾರಿ:
ಹೌದು, ಅಲ್ಲಿ ಸಿಕ್ಕಿಬಿದ್ದೆ. ಕಾಳಿಯ ಕಣಿವೆಯಲ್ಲಿ ಮಧ್ಯಾಹ್ನದ ಗಾಳಿ ಕೊಳವೆಯಲ್ಲಿ ಊದಿದ ಹಾಗೆ ಬರುತ್ತದೆ. ಕದ್ರಾವನ್ನು ಹನ್ನೊಂದರೊಳಗೆ ಬಿಟ್ಟರೆ ಬದುಕಿದಿರಿ.

ಚೈನಿನ ಎಣ್ಣೆ:
ಕುಮಟೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟವನು ನಾನು. ಗಾಳಿ, ನಕ್ಷೆ ಎಲ್ಲ ಆಯಿತು, ಸೈಕಲ್ಲಿನ ಗೇರು ಯಾವುದು? ಮುಂದೆ ಎಷ್ಟು ಹಲ್ಲು, ಹಿಂದೆ ಎಷ್ಟು ಹಲ್ಲು?

ಕೋಡಿಬಾಗದ ಸವಾರ:
ಹಳೆಯ ಗಾಡಿ. ಮುಂದೆ 52 ಮತ್ತು 39. ಹಿಂದೆ ದೊಡ್ಡದು 25. ರಿಮ್ ಬ್ರೇಕು.

ಚೈನಿನ ಎಣ್ಣೆ:
ಹಾಗಾದರೆ ನೀವು ಅರ್ಧ ಘಟ್ಟದಲ್ಲಿ ಇಳಿದು ತಳ್ಳಿದ್ದು ಸೋಮಾರಿತನದಿಂದಲ್ಲ. ಲೆಕ್ಕ ನೋಡಿ. 39ನ್ನು 25ರಿಂದ ಭಾಗಿಸಿದರೆ 1.56. ಚಕ್ರದ ಸುತ್ತಳತೆ 2.1 ಮೀಟರ್. ಪೆಡಲ್ ಒಂದು ಸುತ್ತಿಗೆ ನೀವು ಮೂರು ಮೀಟರಿಗೂ ಹೆಚ್ಚು ದೂರ ಹೋಗುತ್ತೀರಿ. ಕಡಿದಾದ ತಿರುವಿನಲ್ಲಿ ವೇಗ ಗಂಟೆಗೆ 8 ಕಿ.ಮೀ.ಗೆ ಬಿದ್ದರೆ ನಿಮಿಷಕ್ಕೆ ಬರೀ 41 ಸುತ್ತು. ಅದು ತುಳಿಯುವುದಲ್ಲ, ಒನಕೆ ಕುಟ್ಟುವುದು. ಎಲ್ಲ ಭಾರ ಮಂಡಿಗೆ. ಮುಂದೆ 34, ಹಿಂದೆಯೂ 34 ಇದ್ದರೆ ಅದೇ ವೇಗಕ್ಕೆ 63 ಸುತ್ತು. ಉಸಿರು ಏರುತ್ತದೆ, ಮಂಡಿ ಉಳಿಯುತ್ತದೆ. ಉಸಿರು ಸಂಜೆಗೆ ಮರಳಿ ಬರುತ್ತದೆ, ಮಂಡಿ ಬರುವುದಿಲ್ಲ.

ಆದರೆ ನಿಮ್ಮ ಹಳೆಯ ಕ್ರ್ಯಾಂಕಿನಲ್ಲಿ, ಅಂದರೆ ಪೆಡಲಿನ ತೋಳಿನಲ್ಲಿ, ಮುಂದಿನ ಹಲ್ಲುಚಕ್ರ ಕೂರಿಸುವ ಬೋಲ್ಟುಗಳ ವೃತ್ತ 130 ಮಿಲಿಮೀಟರಿನದ್ದೇ ಇರಬೇಕು. ಅದಕ್ಕೆ 38 ಹಲ್ಲಿಗಿಂತ ಸಣ್ಣದು ಕೂರುವುದೇ ಇಲ್ಲ. ಕ್ರ್ಯಾಂಕ್ ಬದಲಿಸಿ 50-34 ಹಾಕಿಸಬೇಕು. ಹಿಂದೆ 34ರ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಹಾಕಿದರೆ ಗೇರು ಬದಲಿಸುವ ಗಿಡ್ಡ ಕೈಯ ಡಿರೈಲರ್ ಚೈನನ್ನು ಎಳೆದುಕೊಳ್ಳಲಾರದು, ಅದೂ ಬದಲಾಗಬೇಕು. ಖರ್ಚಿನ ಬಾಬತ್ತು. ಆದರೆ ಹಗುರ ಚಕ್ರ, ಹಗುರ ಸೀಟು ಎಂದು ದುಡ್ಡು ಸುರಿಯುವವರನ್ನು ದಿನವೂ ನೋಡುತ್ತೇನೆ. ಘಟ್ಟಕ್ಕೆ ಹೋಗುವವನು ಮೊದಲು ದುಡ್ಡು ಹಾಕಬೇಕಾದದ್ದು ಇಲ್ಲಿ.

ಇನ್ನು ಇಳಿಯುವ ವಿಷಯ. ದೇವಿಮನೆಯಿಂದ ಕತಗಾಲಕ್ಕೆ ಇಳಿಯುವಾಗ ಒಮ್ಮೆ ನನ್ನ ಮುಂದಿನ ಟ್ಯೂಬು ಪಟಾಕಿಯ ಹಾಗೆ ಒಡೆಯಿತು. ತಪ್ಪು ನನ್ನದೇ. ಇಡೀ ಇಳಿಜಾರು ಬ್ರೇಕನ್ನು ಅರ್ಧ ಹಿಡಿದೇ ಬಂದಿದ್ದೆ. ರಿಮ್ ಮುಟ್ಟಲಾಗದಷ್ಟು ಕಾದು ಒಳಗಿನ ಗಾಳಿ ಉಬ್ಬಿತು. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಟ್ಟುಬಿಡಿ, ನಡುವೆ ರಿಮ್ ತಣ್ಣಗಾಗಲಿ. ಮಧ್ಯೆ ಎರಡು ಸಲ ನಿಂತರೆ ಮರ್ಯಾದೆ ಹೋಗುವುದಿಲ್ಲ. ಹೊಸ ಪ್ಯಾಡ್ ಹಾಕಿಸಿಕೊಂಡೇ ಹೊರಡಿ. ಟಯರ್ 28 ಮಿಲಿಮೀಟರಿನದ್ದು ನಿಮ್ಮ ಫೋರ್ಕಿನಲ್ಲಿ ಕೂರುತ್ತದೆಯೇ ನೋಡಿ.

ಸಿದ್ದಾಪುರ, ಯಲ್ಲಾಪುರ, ಜೋಯಿಡಾದ ಸೈಕಲ್ ಅಂಗಡಿಗಳಲ್ಲಿ ನಿಮ್ಮ ಅಳತೆಯ ಟ್ಯೂಬು ಸಿಗುತ್ತದೆ ಎಂದು ನಂಬಿ ಹೋಗಬೇಡಿ. ಮೂರು ಟ್ಯೂಬು, ಡಿರೈಲರ್ ತೂಗುವ ಕೊಕ್ಕೆ (ಹ್ಯಾಂಗರ್) ಒಂದು, ಚೈನಿನ ಕೊಂಡಿ ಇಟ್ಟುಕೊಳ್ಳಿ. ಸಪೂರ ವಾಲ್ವಿಗೆ ಹಾಕುವ ಹಿತ್ತಾಳೆಯ ಅಡಾಪ್ಟರ್ ಇದ್ದರೆ ಲಾರಿ ಪಂಕ್ಚರ್ ಅಂಗಡಿಯಲ್ಲೂ ಗಾಳಿ ತುಂಬಿಸಬಹುದು, ಆದರೆ ಅವರ ಕಂಪ್ರೆಸರ್ ಕ್ಷಣದಲ್ಲಿ ಟ್ಯೂಬು ಒಡೆಯುತ್ತದೆ, ಕೈ ತಡೆದು ಹಿಡಿಯಲು ಹೇಳಿ. ಅಡಾಪ್ಟರ್ ಇಲ್ಲದಿದ್ದರೆ ಕುಮಟೆಯಲ್ಲಿ ನನ್ನದನ್ನು ತೆಗೆದುಕೊಂಡು ಹೋಗಿ. ಎರವಲು.

ಶಿರಸಿ ಪೇಟೆ:
ಕುಮಟೆಯಿಂದ ದೇವಿಮನೆ ಏರಿದರೆ ಸುಮಾರು 60 ಕಿ.ಮೀ.ಯಲ್ಲಿ ಶಿರಸಿ. ಹೊನ್ನಾವರ, ಜೋಗ ಎಂದು ಸುತ್ತುವುದೇಕೆ? ಒಂದು ದಿನ ಉಳಿಯುತ್ತದೆ.

ಯಲ್ಲಾಪುರದ ಅಕ್ಕ:
ಆ ರಸ್ತೆಯ ಅಗಲೀಕರಣ ಎಷ್ಟು ವರ್ಷದಿಂದ ನಡೆದಿದೆ ಎಂದು ಶಿರಸಿಯವರಿಗೆ ನಾನು ಹೇಳಬೇಕೇ? ಕಾಮಗಾರಿಯ ಜಲ್ಲಿಯ ಮೇಲೆ ಸಪೂರ ಟಯರ್ ಜಾರುತ್ತದೆ. ಆ ವಾರದ ಸ್ಥಿತಿ ವಿಚಾರಿಸದೆ ಹೊರಡುವಂತಿಲ್ಲ. ಅಂಕೋಲೆಯಿಂದ ಅರಬೈಲು ಏರುವ ಯೋಚನೆ ಯಾರಿಗಾದರೂ ಬಂದರೆ ಅದನ್ನೂ ಬಿಡಿ, ಹುಬ್ಬಳ್ಳಿಯ ಭಾರದ ಲಾರಿಗಳೆಲ್ಲ ಅಲ್ಲೇ. ಕೈಗಾ ಮೇಲಿಂದ ಯಲ್ಲಾಪುರಕ್ಕೆ ಬರುವ ರಸ್ತೆ ಚೆಂದ, ಆದರೆ ಮೊದಲ ದೊಡ್ಡ ಸವಾರಿಗೆ ಅಲ್ಲ.

ಗೇರುಸೊಪ್ಪೆಯನ್ನು ಏರುವುದಕ್ಕೇ ಆರಿಸಲು ಕಾರಣವಿದೆ. ಹೊನ್ನಾವರದಿಂದ ಗೇರುಸೊಪ್ಪೆಯ ತನಕ ಶರಾವತಿಯ ಪಕ್ಕದಲ್ಲೇ ರಸ್ತೆ, ಹೆಚ್ಚು ಏರಿಲ್ಲ. ಕಾಲು ಬಿಸಿಯಾಗಲು ಸಮಯ ಸಿಗುತ್ತದೆ. ಆಮೇಲೆ ಮಾವಿನಗುಂಡಿಯ ತನಕ ಉದ್ದವಾದ ಏರು, ಆದರೆ ನೆರಳಿನ ಏರು. ಮಾಲೆಮನೆಯ ಹತ್ತಿರ ಮರದ ಮೇಲೆ ಸಿಂಗಳೀಕ ಕಂಡರೂ ಕಾಣಬಹುದು, ಜಗತ್ತಿನಲ್ಲಿ ನಮ್ಮ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಪ್ರಾಣಿ. ನಿಂತು ಉಸಿರು ತೆಗೆದುಕೊಳ್ಳಲು ಅದಕ್ಕಿಂತ ಒಳ್ಳೆಯ ನೆಪ ಬೇಕೇ?

ಭಟ್ಕಳದ ಬಂದರು:
ಅಂಕೋಲೆ ಹತ್ತಿರದ ಶಿರೂರಿನ ಗುಡ್ಡ? ಹೆದ್ದಾರಿಯಲ್ಲಿ ಹೋಗುವಾಗ ನನಗೆ ಈಗಲೂ ಕಾರಿನ ಕಿಟಕಿಯಿಂದ ಮೇಲೆ ನೋಡುವ ಅಭ್ಯಾಸ.

ನಕಾಶೆ ಹುಚ್ಚ:
2024ರ ಜುಲೈ 16ರಂದು ಆ ಗುಡ್ಡ ಹೆದ್ದಾರಿಯ ಮೇಲೆ ಕುಸಿದ ನಂತರ ಎಲ್ಲರಿಗೂ ಆ ಅಭ್ಯಾಸ. ಅದೇ ಆಗಸ್ಟಿನಲ್ಲಿ ಕಾಳಿಯ ಹಳೆಯ ಸೇತುವೆ ಬಿತ್ತು. 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆ ಕುಸಿಯಿತು, ಅರಬೈಲು ರಸ್ತೆಯೂ ಹಾಳಾಯಿತು. ಎಲ್ಲವೂ ಮಳೆಗಾಲದ್ದೇ ಎಂಬುದನ್ನು ಗಮನಿಸಿ. ಕಡಿದ ಗುಡ್ಡ ನೀರು ಕುಡಿದು ಭಾರವಾದಾಗ ಜಾರುವುದು. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಸುತ್ತನ್ನು ಯಾರೂ ಯೋಚಿಸಬಾರದು. ಅಕ್ಟೋಬರಿನಲ್ಲೂ ಪಾಚಿ ಕಟ್ಟಿದ ತಿರುವುಗಳಿರುತ್ತವೆ.

ಯಲ್ಲಾಪುರದ ಅಕ್ಕ:
ನನ್ನ ಮಾತು ಕೇಳುವುದಾದರೆ ಡಿಸೆಂಬರ್ ಬಿಟ್ಟು ಜನವರಿ ಕೊನೆಗೆ ಇಡು. ಆಗ ಆಲೆಮನೆಗಳು ಶುರುವಾಗಿರುತ್ತವೆ. ಸವಾರರು ಶಕ್ತಿಗೆಂದು ಒಯ್ಯುವ ಪೊಟ್ಟಣದ ಜೆಲ್ಲಿ ಚೀಪುವ ಬದಲು ಒಂದು ಚೊಂಬು ಕಬ್ಬಿನ ಹಾಲು ಕುಡಿ, ಮೇಲೆ ನೊರೆಬೆಲ್ಲ ನೆಕ್ಕು. ಕರೆದು ಕೊಡುತ್ತಾರೆ, ಯಾರ ಮನೆಯ ಹುಡುಗ ಎಂದು ಮಾತ್ರ ಕೇಳುತ್ತಾರೆ. ಬಿಸಿಲಿಗೆ ಬೆವರು ಹೆಚ್ಚು ಹೋದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮಧ್ಯಾಹ್ನ ಎರಡರ ಮೇಲೆ ಹಳ್ಳಿಯ ಅಂಗಡಿಗಳು ಬಾಗಿಲು ಎಳೆದು ಮಲಗುತ್ತವೆ, ಅದಕ್ಕೆ ಮೊದಲೇ ಬಾಳೆಹಣ್ಣು, ನೀರು ತುಂಬಿಕೊಳ್ಳಬೇಕು.

ಮಾರಿಕಾಂಬಾ ಜಾತ್ರೆಯ ವರ್ಷವಾದರೆ ದಿನಾಂಕ ನೋಡಿಕೊಂಡು ಶಿರಸಿಯ ವಸತಿ ಗೊತ್ತುಮಾಡು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಆಗ ಜಗಲಿಯೂ ಖಾಲಿ ಇರುವುದಿಲ್ಲ.

ಕೋಡಿಬಾಗದ ಸವಾರ:
ಎಲ್ಲ ಓದಿ ಹೊಸದಾಗಿ ಬರೆದಿದ್ದೇನೆ. ಐದು ದಿನ, ಅಪ್ರದಕ್ಷಿಣೆ, ಜನವರಿಯ ಕೊನೆಯ ವಾರ. ಕಾರವಾರದಿಂದ ಹೊನ್ನಾವರ 90. ಹೊನ್ನಾವರದಿಂದ ಜೋಗದ ಮೇಲೆ ಸಿದ್ದಾಪುರ 80. ಸಿದ್ದಾಪುರ, ಶಿರಸಿ, ಯಲ್ಲಾಪುರ 90, ಇದಕ್ಕೇ ಹೆದರಿಕೆ. ಯಲ್ಲಾಪುರದಿಂದ ದಾಂಡೇಲಿ ಮೇಲೆ ಜೋಯಿಡಾ 80. ಜೋಯಿಡಾದಿಂದ ಮನೆ 80. ಕರಾವಳಿಯಲ್ಲಿ ಏನಾದರೂ ಕೆಟ್ಟರೆ ಅಂಕೋಲಾ, ಗೋಕರ್ಣ ರೋಡ್, ಕುಮಟಾ, ಹೊನ್ನಾವರದಲ್ಲಿ ಕೊಂಕಣ ರೈಲು. ಘಟ್ಟದ ಮೇಲೆ ಕೆಟ್ಟರೆ ಬಸ್ಸು ಮತ್ತು ಕಂಡಕ್ಟರರ ಮನಸ್ಸು. ಜೋಯಿಡಾ, ಅಣಶಿ ನಡುವೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಆದ್ದರಿಂದ ಹೊರಡುವ ಹೊತ್ತು, ತಲುಪುವ ಹೊತ್ತು ಮನೆಯಲ್ಲಿ ಬರೆದಿಟ್ಟು ಹೋಗುತ್ತೇನೆ.

ಕ್ರ್ಯಾಂಕ್ ಬದಲಾಯಿತು. ಮನೆಯಲ್ಲಿ ಬೆಲೆ ಹೇಳಿಲ್ಲ.

ಹುಬ್ಬಳ್ಳಿ ಪೆಡಲ್:
ಐದು ದಿನವೇ! ಸರಿ, ಶುಭವಾಗಲಿ. ಯಲ್ಲಾಪುರ ದಾಟುವ ದಿನ ಹೇಳಿ, ದಾಂಡೇಲಿ ತನಕ ಜೊತೆಗೆ ಬರುತ್ತೇನೆ.

ಕೋಡಿಬಾಗದ ಸವಾರ:
ನಿನ್ನೆ ಹನ್ನೆರಡೂವರೆಗೆ ಮನೆ ಮುಟ್ಟಿದೆ. ಅಂದರೆ ಕದ್ರಾವನ್ನು ಹನ್ನೊಂದಕ್ಕೆ ಬಿಡಲಾಗಲಿಲ್ಲ, ಕೊನೆಯ ಹದಿನೈದು ಕಿ.ಮೀ. ತದಡಿಯವರ ಕೊಳವೆಯಲ್ಲೇ ಬಂದೆ.

ಗೇರುಸೊಪ್ಪೆಯಲ್ಲಿ ಒಮ್ಮೆಯೂ ಇಳಿಯಲಿಲ್ಲ. 34ಕ್ಕೆ 34 ಹಾಕಿಕೊಂಡು ನಡೆಯುವವರ ವೇಗದಲ್ಲಿ ಏರಿದೆ, ಒಬ್ಬ ಅಜ್ಜ ಸೌದೆಯ ಹೊರೆ ಹೊತ್ತುಕೊಂಡು ಸ್ವಲ್ಪ ದೂರ ಜೊತೆಗೇ ಮಾತಾಡುತ್ತ ಬಂದರು. ಸಿಂಗಳೀಕ ಕಾಣಲಿಲ್ಲ, ಬರೀ ಮಂಗ. ಅಳು ಬಂದದ್ದು ಮೂರನೆಯ ದಿನ, ಬೇಡ್ತಿಯ ಸೇತುವೆ ದಾಟಿ. ನಕ್ಷೆಯ ಹಾಳೆಯಲ್ಲಿ ಅಲ್ಲಿ ಗೆರೆ ಎಣಿಸಿದ್ದೆ, ಗೊತ್ತಿತ್ತು, ಆದರೂ ಇಳಿದು ಮೋರಿಯ ಕಟ್ಟೆಯ ಮೇಲೆ ಇಪ್ಪತ್ತು ನಿಮಿಷ ಕುಳಿತೆ. ಆಲೆಮನೆ ಸಿಕ್ಕಿದ್ದು ಅದಕ್ಕಿಂತ ಮೊದಲು, ಶಿರಸಿ ದಾಟಿದ ಮೇಲೆ. ಎರಡು ಚೊಂಬು ಕುಡಿದದ್ದು ತಪ್ಪಾಯಿತು, ಒಂದೇ ಸಾಕಿತ್ತು. ಹುಬ್ಬಳ್ಳಿಯವರು ಮಾತಿನಂತೆ ಬಂದರು, ದಾಂಡೇಲಿಯ ತನಕ ನನ್ನ ವೇಗಕ್ಕೇ ತುಳಿದರು. ಅವರ ಟ್ಯೂಬೇ ಎರಡು ಸಲ ಹೋಯಿತು.

ಅಣಶಿ ಇಳಿಯುವಾಗ ಮೂರು ಸಲ ನಿಂತು ರಿಮ್ ಮುಟ್ಟಿ ನೋಡಿದೆ.

ಹುಬ್ಬಳ್ಳಿ ಪೆಡಲ್:
ಎರಡಲ್ಲ, ಒಂದೂವರೆ ಸಲ. ಎರಡನೆಯದು ನಿಧಾನದ ಸೋರಿಕೆ.

ಚೈನಿನ ಎಣ್ಣೆ:
ಸಂತೋಷ. ಹಿತ್ತಾಳೆಯ ಅಡಾಪ್ಟರ್ ಎಲ್ಲಿ?

ಕೋಡಿಬಾಗದ ಸವಾರ:
ಹುಬ್ಬಳ್ಳಿಯವರ ಹತ್ತಿರ.